ಮನೆ ಬಿಟ್ಟು ಹೊರಡುವ ಹೊತ್ತು ಬಂದರೆ: ಸಾಕುಪ್ರಾಣಿಗಳಿಗಾಗಿ ಮಾಡಿಕೊಳ್ಳಬೇಕಾದ ತಯಾರಿ

ಆಪತ್ತಿನ ಹೊತ್ತಿನಲ್ಲಿ ಸಾಕುಪ್ರಾಣಿಗಳ ಜೀವ ತೆಗೆದ ಮಾತು ಒಂದಿದೆ. "ಎರಡು ದಿನದಲ್ಲಿ ವಾಪಸ್ ಬರ್ತೀವಲ್ಲ, ಅಲ್ಲಿವರೆಗೆ ಇಲ್ಲೇ ಇರಲಿ ಬಿಡಿ."

ಈ ಮಾತು ಹೇಳಿದವರು ಕೆಟ್ಟವರಲ್ಲ. ಪ್ರಾಣಿಗಳನ್ನು ಮುದ್ದಿನಿಂದ ಸಾಕಿದವರೇ. 1986ರ ಏಪ್ರಿಲ್‌ನಲ್ಲಿ ಚೆರ್ನೋಬಿಲ್ ಅಣುಸ್ಥಾವರ ಸ್ಫೋಟಿಸಿದಾಗ ಪಕ್ಕದ ಪ್ರಿಪ್ಯತ್ ಪಟ್ಟಣದವರು ಮೂರು ದಿನದಲ್ಲಿ ಮರಳುತ್ತೇವೆ ಅಂದುಕೊಂಡು ಬಸ್ಸು ಹತ್ತಿದರು. ನಾಯಿ, ಬೆಕ್ಕುಗಳು ಅಲ್ಲೇ ಉಳಿದವು. ಆ ಪಟ್ಟಣಕ್ಕೆ ಜನ ಮತ್ತೆ ವಾಸಕ್ಕೆ ಬರಲೇ ಇಲ್ಲ. 2011ರ ಮಾರ್ಚ್‌ನಲ್ಲಿ ಜಪಾನಿನ ಫುಕುಶಿಮಾದಲ್ಲೂ ಹೀಗೇ ಆಯಿತು. ಸ್ಥಾವರದ ಸುತ್ತ 20 ಕಿಲೋಮೀಟರ್ ಒಳಗೆ ಇದ್ದ ಎಷ್ಟೋ ಮನೆಯವರು ಕೆಲವೇ ದಿನದ ಮಾತು ಎಂದು ನಂಬಿ ಪ್ರಾಣಿಗಳನ್ನು ಬಿಟ್ಟು ಹೊರಟರು. ಆಮೇಲೆ ಆ ಪ್ರದೇಶಕ್ಕೆ ಹೋಗುವ ದಾರಿಯೇ ಮುಚ್ಚಿತು.

2005ರಲ್ಲಿ ಅಮೆರಿಕದ ನ್ಯೂ ಆರ್ಲಿಯನ್ಸ್ ನಗರ ಕತ್ರಿನಾ ಚಂಡಮಾರುತಕ್ಕೆ ಸಿಕ್ಕಿ ಮುಳುಗಿದಾಗ ನಡೆದದ್ದು ಇದರ ಇನ್ನೊಂದು ಮುಖ. ಅಲ್ಲಿ ಬಹಳಷ್ಟು ಆಶ್ರಯ ಕೇಂದ್ರಗಳಿಗೆ ಪ್ರಾಣಿಗಳನ್ನು ಬಿಡುತ್ತಿರಲಿಲ್ಲ. ಅದಕ್ಕೇ ಎಷ್ಟೋ ಜನ ಮನೆ ಬಿಡಲು ಒಪ್ಪದೆ ನೀರಿನ ನಡುವೆ ಉಳಿದರು. ಮರುವರ್ಷವೇ, ಅಂದರೆ 2006ರಲ್ಲಿ, ಜನರನ್ನು ತೆರವು ಮಾಡಿಸುವ ಯೋಜನೆಯಲ್ಲಿ ಸಾಕುಪ್ರಾಣಿಗಳೂ ಇರಬೇಕು ಎಂಬ ಕಾನೂನು ಅಲ್ಲಿ ಬಂತು. ಜಪಾನಿನ ಪರಿಸರ ಸಚಿವಾಲಯವೂ 2013ರಲ್ಲಿ, ಪ್ರಾಣಿಗಳನ್ನು ಜೊತೆಗೇ ಕರೆದುಕೊಂಡು ಹೊರಡಿ ಎಂದು ಮಾರ್ಗಸೂಚಿ ಹೊರಡಿಸಿತು.

ಹಾಗಾಗಿ ಈ ಇಡೀ ಬರಹಕ್ಕೆ ತಳಪಾಯ ಒಂದೇ. ನೀವು ಹೊರಟರೆ ಅವೂ ಹೊರಡಬೇಕು. ಮನೆಯಲ್ಲಿರುವುದು ನಿಮಗೆ ಅಪಾಯ ಅಂದರೆ ಅವಕ್ಕೂ ಅಪಾಯವೇ. ಈ ತೀರ್ಮಾನವನ್ನು ಈಗಲೇ, ಮನೆಯವರೆಲ್ಲ ಕೂತು ಮಾಡಿಬಿಡಿ. ಸೈರನ್ ಕೂಗುವಾಗ ಚರ್ಚೆ ಮಾಡಲು ಸಮಯ ಇರುವುದಿಲ್ಲ.

ಹೆಜ್ಜೆ 1: ಪ್ರಾಣಿ ಎಷ್ಟು, ಎತ್ತುವ ಕೈ ಎಷ್ಟು

ಒಂದು ಹಾಳೆ ತೆಗೆದುಕೊಳ್ಳಿ. ಮನೆಯಲ್ಲಿರುವ ಪ್ರತಿ ಪ್ರಾಣಿಯ ಹೆಸರು, ತೂಕ, ವಯಸ್ಸು, ಕಾಯಿಲೆ, ಔಷಧಿ ಬರೆಯಿರಿ. ಪಕ್ಕದಲ್ಲಿ, ಆ ಪ್ರಾಣಿಯನ್ನು ಯಾರು ಎತ್ತಿಕೊಳ್ಳುತ್ತಾರೆ ಎಂದು ಬರೆಯಿರಿ. ಮೂರು ಬೆಕ್ಕು, ಒಂದು ನಾಯಿ, ದೊಡ್ಡವರು ಇಬ್ಬರೇ, ಜೊತೆಗೆ ಒಂದು ಕೈಗೂಸು ಅಂದರೆ ಲೆಕ್ಕ ಕೂಡುವುದಿಲ್ಲ. ಆಗ ಎರಡು ಬೆಕ್ಕು ಹಿಡಿಸುವ ದೊಡ್ಡ ಕ್ಯಾರಿಯರ್ (ಪ್ರಾಣಿಯನ್ನು ಒಯ್ಯುವ ಪೆಟ್ಟಿಗೆ), ಅಥವಾ ಚಕ್ರದ ಗಾಡಿ, ಅಥವಾ ಪಕ್ಕದ ಮನೆಯವರ ಸಹಾಯ ಬೇಕು. ಅದನ್ನು ಈಗಲೇ ಗೊತ್ತು ಮಾಡಿಕೊಳ್ಳಿ.

ಕಷ್ಟಕಾಲಕ್ಕೆ ಕಾವಲಿಗೆ ಇರಲಿ ಅಂತ ದೊಡ್ಡ ನಾಯಿ ತರಲು ಯೋಚಿಸುವವರೂ ಇದ್ದಾರೆ. ಅವರಿಗೆ ನನ್ನ ನೇರ ಅಭಿಪ್ರಾಯ ಇದು: ಕಾವಲಿನ ಆಸೆಗೆ ಮಾತ್ರ ನಾಯಿ ತರಬೇಡಿ. ದೊಡ್ಡ ನಾಯಿಗೆ ಊಟ, ನೀರು ಜಾಸ್ತಿ ಬೇಕು. ಕಾಲಿಗೆ ಪೆಟ್ಟಾದರೆ ಅದನ್ನು ಎತ್ತಿಕೊಂಡು ಮೆಟ್ಟಿಲು ಇಳಿಯಲು ಇಬ್ಬರು ಬೇಕು. ತರಬೇತಿ ಇಲ್ಲದ, ಹೆದರಿದ ನಾಯಿ ಕಾವಲು ಕಾಯುವುದೂ ಇಲ್ಲ, ಕರೆದರೆ ಬರುವುದೂ ಇಲ್ಲ. ಅದನ್ನು ಮನೆಯ ಒಬ್ಬ ಸದಸ್ಯನಂತೆ ನೋಡಿಕೊಳ್ಳುವ ಮನಸ್ಸಿದ್ದರೆ ಮಾತ್ರ ತನ್ನಿ. ಅದು ಬೊಗಳಿ ಎಚ್ಚರಿಸಿದರೆ ಅದು ಲಾಭ.

ಸಂತಾನಹರಣ ಶಸ್ತ್ರಚಿಕಿತ್ಸೆಯೂ ತಯಾರಿಯ ಭಾಗವೇ. ನಾಯಿಯ ಗರ್ಭ ಸುಮಾರು 63 ದಿನ. ಬೆಕ್ಕಿಗೂ ಹೆಚ್ಚುಕಡಿಮೆ ಅಷ್ಟೇ. ಬೆಕ್ಕಿನ ಮರಿ ನಾಲ್ಕೈದು ತಿಂಗಳಿಗೇ ಗಬ್ಬವಾಗಬಹುದು. ಆಶ್ರಯ ಕೇಂದ್ರದಲ್ಲಿ ಬೆದೆಗೆ ಬಂದ ಒಂದು ಹೆಣ್ಣು ನಾಯಿ ಇದ್ದರೆ ಸುತ್ತಲಿನ ಗಂಡು ನಾಯಿಗಳನ್ನು ಹಿಡಿಯುವುದೇ ಒಂದು ಕೆಲಸವಾಗುತ್ತದೆ.

ಹೆಜ್ಜೆ 2: ಕ್ಯಾರಿಯರ್ ಅಭ್ಯಾಸ

ಬೇರೆ ಯಾವ ಹೆಜ್ಜೆ ಬಿಟ್ಟರೂ ಇದನ್ನು ಬಿಡಬೇಡಿ.

ಕೆಲವು ವರ್ಷಗಳ ಹಿಂದೆ ನಮ್ಮ ಕಟ್ಟಡದಲ್ಲಿ ರಾತ್ರಿ ಹೊತ್ತು ಗ್ಯಾಸ್ ಸೋರಿ ಎಲ್ಲರೂ ಕೆಳಗಿಳಿಯಬೇಕಾಯಿತು. ನಮ್ಮ ಬೆಕ್ಕು ಗಲಾಟೆ ಕೇಳಿ ಮಂಚದ ಕೆಳಗೆ, ಗೋಡೆ ಮೂಲೆಗೆ ಸೇರಿಕೊಂಡಿತು. ಕ್ಯಾರಿಯರ್ ಅಟ್ಟದ ಮೇಲೆ, ಹಳೇ ಸಾಮಾನಿನ ಹಿಂದೆ ಇತ್ತು. ಅದನ್ನು ತೆಗೆದು, ಮಂಚ ಸರಿಸಿ, ಗೀರಿಸಿಕೊಂಡು ಬೆಕ್ಕನ್ನು ಒಳಗೆ ಹಾಕುವಷ್ಟರಲ್ಲಿ ಇಪ್ಪತ್ತು ನಿಮಿಷವಾಗಿತ್ತು. ಸೋರಿಕೆಯನ್ನು ಬೇಗ ನಿಲ್ಲಿಸಿದ್ದರು, ಏನೂ ಆಗಲಿಲ್ಲ. ಆದರೆ ಆ ಇಪ್ಪತ್ತು ನಿಮಿಷ ಇವತ್ತಿಗೂ ನನ್ನ ಎದೆಯಲ್ಲಿದೆ. ಪ್ರೀತಿಗೆ ಕೊರತೆ ಇರಲಿಲ್ಲ. ಅಭ್ಯಾಸ ಇರಲಿಲ್ಲ.

ಬೆಕ್ಕಿಗೆ ಕ್ಯಾರಿಯರ್ ಅಂದರೆ ವೈದ್ಯರ ಸೂಜಿ ಅಂತಲೇ ನೆನಪು. ವರ್ಷಕ್ಕೊಮ್ಮೆ ಅದು ಕಂಡರೆ ಓಡದೆ ಇನ್ನೇನು ಮಾಡುತ್ತದೆ? ಆ ನೆನಪನ್ನು ಬದಲಿಸಬೇಕು. ನಾನು ಮಾಡಿದ್ದು ಹೀಗೆ.

ಮೊದಲ ವಾರ ಕ್ಯಾರಿಯರ್‌ನ ಬಾಗಿಲನ್ನು ಪೂರ್ತಿ ಕಳಚಿ, ಬೆಕ್ಕು ದಿನಾ ಓಡಾಡುವ ಕೋಣೆಯಲ್ಲೇ ಇಟ್ಟೆ. ಒಳಗೆ ಅದು ಮಲಗುವ ಹಳೇ ಬಟ್ಟೆ ಹಾಸಿದೆ. ಕರೆಯಲಿಲ್ಲ, ತಳ್ಳಲಿಲ್ಲ. ಸುಮ್ನೆ ಇರಲು ಬಿಟ್ಟೆ. ಎರಡನೇ ವಾರ ಊಟದ ತಟ್ಟೆಯನ್ನು ಕ್ಯಾರಿಯರ್‌ನ ಬಾಯಿಯ ಹತ್ತಿರ ಇಟ್ಟು, ದಿನಕ್ಕೆ ಸ್ವಲ್ಪ ಸ್ವಲ್ಪ ಒಳಗೆ ಸರಿಸಿದೆ. ಒಳಗೆ ಹೋಗಿ ಪೂರ್ತಿ ತಿನ್ನುವ ಹಾಗಾದ ಮೇಲೆ ಬಾಗಿಲು ಜೋಡಿಸಿದೆ. ತಿನ್ನುವಾಗ ಬಾಗಿಲು ಮುಚ್ಚಿ, ತಿಂದು ಮುಗಿಯುವ ಮೊದಲೇ ತೆಗೆದೆ. ಆಮೇಲೆ ಒಂದು ನಿಮಿಷ, ಎರಡು, ಐದು. ಆಮೇಲೆ ಎತ್ತಿಕೊಂಡು ಮನೆಯೊಳಗೆ ಒಂದು ಸುತ್ತು. ಆಮೇಲೆ ಗಾಡಿಯಲ್ಲಿ ಒಂದು ಸುತ್ತು. ಪ್ರತಿ ಸಲವೂ ಕೊನೆಗೆ ಅದಕ್ಕೆ ಬಹಳ ಇಷ್ಟದ ತಿಂಡಿ.

ಒಟ್ಟು ಒಂದೂವರೆ ತಿಂಗಳು ಹಿಡಿಯಿತು. ಬೆಕ್ಕು ಹೆದರಿ ಹಿಂದೆ ಸರಿದ ದಿನ ಒಂದು ಹೆಜ್ಜೆ ಹಿಂದಕ್ಕೆ ಹೋದೆ. ಅವಸರ ಮಾಡಿದರೆ ಅಲ್ಲಿಯವರೆಗಿನ ಕೆಲಸವೆಲ್ಲ ಹಾಳು.

ಇದರ ಜೊತೆ ಒಂದು ಕರೆ ಕಲಿಸಿ. ಗಂಟೆಯ ಸದ್ದು, ಡಬ್ಬ ಅಲ್ಲಾಡಿಸಿದ ಸದ್ದು, ಯಾವುದಾದರೂ ಸರಿ. ಆ ಸದ್ದು ಬಂದರೆ ಕ್ಯಾರಿಯರ್‌ನಲ್ಲಿ ಅತ್ಯುತ್ತಮ ತಿಂಡಿ ಸಿಗುತ್ತದೆ ಎಂದು ಅದಕ್ಕೆ ಗೊತ್ತಾಗಬೇಕು. ವಾರಕ್ಕೊಮ್ಮೆಯಾದರೂ ಮಾಡಿ, ಮರೆಯಲು ಬಿಡಬೇಡಿ.

ನಾಯಿಗೆ ಬೇಕಾದ್ದು ಮೂರು: ಕರೆದ ಕೂಡಲೇ ಬರುವುದು, "ನಿಲ್ಲು" ಅಂದರೆ ನಿಲ್ಲುವುದು, ಗೂಡಿನಲ್ಲಿ ಗಲಾಟೆ ಮಾಡದೆ ಮಲಗುವುದು. ಬಾಯಿಪಟ್ಟಿ, ಅಂದರೆ ಮಜಲ್ ಹಾಕಿಕೊಳ್ಳುವುದನ್ನೂ ಹೀಗೇ ತಿಂಡಿ ಕೊಟ್ಟು ಕಲಿಸಿ. ಎಂದೂ ಕಚ್ಚದ ನಾಯಿಯೂ ನೋವಾದಾಗ, ಹೆದರಿದಾಗ ಕಚ್ಚಬಹುದು. ಮಜಲ್ ಇದ್ದರೆ ಅಪರಿಚಿತ ಸ್ವಯಂಸೇವಕರು ಅದನ್ನು ಧೈರ್ಯವಾಗಿ ಎತ್ತಿಕೊಳ್ಳುತ್ತಾರೆ. ನಾಯಿ ಬಾಯಿ ತೆರೆದು ಏದುಸಿರು ಬಿಡಲು ಜಾಗ ಇರುವ, ಬುಟ್ಟಿಯಂಥ ಮಜಲ್ ಆರಿಸಿ. ಬಾಯಿ ಬಿಗಿಯುವ ಬಟ್ಟೆಯ ಮಜಲ್ ಸೆಕೆಯಲ್ಲಿ ಅಪಾಯಕಾರಿ.

ಕ್ಯಾರಿಯರ್ ಎಷ್ಟು ದೊಡ್ಡದಿರಬೇಕು? ಪ್ರಾಣಿ ಒಳಗೆ ನೆಟ್ಟಗೆ ನಿಂತು, ಒಂದು ಸುತ್ತು ತಿರುಗಿ, ಮಲಗುವಷ್ಟು. ಮೇಲ್ಭಾಗವೂ ಬಿಚ್ಚುವಂತಿದ್ದರೆ ಹೆದರಿದ ಬೆಕ್ಕನ್ನು ಮೇಲಿಂದ ಇಳಿಸುವುದು ಸುಲಭ. ಒಂದು ಬೆಕ್ಕಿಗೆ ಒಂದು ಕ್ಯಾರಿಯರ್ ಇದ್ದರೆ ಒಳ್ಳೇದು. ಮನೆಯಲ್ಲಿ ಅನ್ಯೋನ್ಯವಾಗಿರುವ ಬೆಕ್ಕುಗಳೂ ಭಯದಲ್ಲಿ ಒಂದನ್ನೊಂದು ಪರಚುತ್ತವೆ.

ಹೆಜ್ಜೆ 3: ತಪ್ಪಿಸಿಕೊಂಡರೆ ನಿಮ್ಮದೇ ಎಂದು ತಿಳಿಯಬೇಕು

ಕಾಲರ್‌ಗೆ ಒಂದು ಬಿಲ್ಲೆ, ಬಿಲ್ಲೆಯ ಮೇಲೆ ಎರಡು ಫೋನ್ ನಂಬರ್. ಒಂದು ನಿಮ್ಮದು, ಇನ್ನೊಂದು ಬೇರೆ ಊರಿನಲ್ಲಿರುವ ನೆಂಟರದ್ದು. ನಿಮ್ಮ ಊರಲ್ಲಿ ಟವರ್ ಬಿದ್ದು ಹೋದರೂ ಅವರ ಫೋನ್ ನಡೆಯುತ್ತಿರುತ್ತದೆ, ಅಲ್ವಾ? ಬೆಕ್ಕಿಗೆ, ಎಲ್ಲಾದರೂ ಸಿಕ್ಕಿಕೊಂಡರೆ ತಾನಾಗಿ ಬಿಚ್ಚಿಕೊಳ್ಳುವ ಕಾಲರ್ ಹಾಕಿ.

ಕಾಲರ್ ಕಳಚಿಹೋಗಬಹುದು. ಅದಕ್ಕೇ ಮೈಕ್ರೋಚಿಪ್. ಅಕ್ಕಿಕಾಳಿಗಿಂತ ಸ್ವಲ್ಪ ದಪ್ಪ ಇರುವ ಇದನ್ನು ವೈದ್ಯರು ಸೂಜಿಯಿಂದ ಹೆಗಲ ನಡುವಿನ ಚರ್ಮದ ಕೆಳಗೆ ಸೇರಿಸುತ್ತಾರೆ. ಅದರಲ್ಲಿ ಬ್ಯಾಟರಿ ಇಲ್ಲ, ಜಿಪಿಎಸ್ ಇಲ್ಲ. ಪ್ರಾಣಿ ಎಲ್ಲಿದೆ ಎಂದು ಅದು ತೋರಿಸುವುದಿಲ್ಲ. ಸ್ಕ್ಯಾನರ್ ಹಿಡಿದಾಗ 15 ಅಂಕಿಯ ಒಂದು ನಂಬರ್ ಕೊಡುತ್ತದೆ, ಅಷ್ಟೇ. ಆ ನಂಬರ್ ಪಕ್ಕದಲ್ಲಿ ನೋಂದಣಿಯಾದ ನಿಮ್ಮ ಫೋನ್ ನಂಬರ್ ಹಳೆಯದಾಗಿದ್ದರೆ ಚಿಪ್ ಇದ್ದೂ ಪ್ರಯೋಜನವಿಲ್ಲ. ಸಿಮ್ ಬದಲಿಸಿದ ದಿನವೇ ಅಲ್ಲೂ ಬದಲಿಸಿ.

ಫೋಟೋ ತೆಗೆಯುವಾಗ ಮುಖವೊಂದೇ ಸಾಲದು. ಎರಡೂ ಪಕ್ಕ, ಬಾಲ, ಹೊಟ್ಟೆ ಮೇಲಿನ ಮಚ್ಚೆ, ಹರಿದ ಕಿವಿ, ಏನೇ ಗುರುತಿದ್ದರೂ ತೆಗೆಯಿರಿ. ನೀವು ಅದನ್ನು ಎತ್ತಿಕೊಂಡು ನಿಂತ ಒಂದು ಫೋಟೋ ಖಂಡಿತ ಇರಲಿ. ಇದು ನಮ್ಮದು ಎಂದು ತೋರಿಸಬೇಕಾದಾಗ ಅದೇ ಸಾಕ್ಷಿ. ಫೋನಿನಲ್ಲಿ ಇದ್ದರೆ ಸಾಲದು, ಮುದ್ರಿಸಿದ ಪ್ರತಿಯೂ ಬೇಕು.

ಹೆಜ್ಜೆ 4: ಲಸಿಕೆ ಮತ್ತು ಕಾಗದ

ಆಶ್ರಯ ಕೇಂದ್ರದಲ್ಲಿ ಹತ್ತಾರು ಪ್ರಾಣಿಗಳು ಒಂದೇ ಕಡೆ ಇರುತ್ತವೆ. ಪಾರ್ವೊ, ಡಿಸ್ಟೆಂಪರ್, ಕೆನೆಲ್ ಕೆಮ್ಮಿನಂಥ ನಾಯಿಗಳ ಅಂಟುರೋಗಗಳು ಅಲ್ಲಿ ಬೇಗ ಹರಡುತ್ತವೆ. ಲಸಿಕೆ ಪುಸ್ತಕ ಇಲ್ಲದಿದ್ದರೆ ಒಳಗೆ ಸೇರಿಸದೆಯೂ ಇರಬಹುದು. ರೇಬೀಸ್ ಲಸಿಕೆಯ ದಿನಾಂಕ ದಾಟಲು ಬಿಡಲೇಬೇಡಿ. ನೆರೆ ಬರುವ ಕಡೆ ಇರುವವರು ನಾಯಿಗೆ ಲೆಪ್ಟೊಸ್ಪೈರೋಸಿಸ್ ಲಸಿಕೆಯ ಬಗ್ಗೆ ವೈದ್ಯರನ್ನು ಕೇಳಿ. ಇಲಿ ಮತ್ತಿತರ ಪ್ರಾಣಿಗಳ ಮೂತ್ರ ಸೇರಿದ ನೀರಿನಿಂದ ಬರುವ ಈ ರೋಗ ನಾಯಿಯಿಂದ ಮನುಷ್ಯರಿಗೂ ದಾಟುತ್ತದೆ.

ಲಸಿಕೆ ಪುಸ್ತಕ, ಔಷಧಿ ಚೀಟಿ, ಚಿಪ್ ನಂಬರ್, ಫೋಟೋ ಎಲ್ಲದರ ಪ್ರತಿಯನ್ನು ನೀರು ಹೋಗದ ಪ್ಲಾಸ್ಟಿಕ್ ಚೀಲದಲ್ಲಿ ಹಾಕಿಡಿ. ಜೊತೆಗೆ ಅರ್ಧ ಪುಟದ ಒಂದು ಚೀಟಿ ಬರೆದಿಡಿ: ಏನು ತಿನ್ನುತ್ತದೆ, ಎಷ್ಟು ಹೊತ್ತಿಗೆ, ಯಾವುದಕ್ಕೆ ಹೆದರುತ್ತದೆ, ಎಲ್ಲಿ ಮುಟ್ಟಿದರೆ ಸಿಟ್ಟಾಗುತ್ತದೆ, ಯಾವ ಮಾತಿಗೆ ಸಮಾಧಾನವಾಗುತ್ತದೆ. ನೀವೇ ಆಸ್ಪತ್ರೆ ಸೇರಿದರೆ ಅದನ್ನು ನೋಡಿಕೊಳ್ಳುವವರಿಗೆ ಆ ಅರ್ಧ ಪುಟ ಬೇಕು.

ಹೆಜ್ಜೆ 5: ಊಟ, ನೀರಿನ ಲೆಕ್ಕ

ಹೊರಡುವಾಗ ಒಯ್ಯುವ ಚೀಲದಲ್ಲಿ ಕನಿಷ್ಠ 3 ದಿನಕ್ಕೆ ಆಗುವಷ್ಟು, ಮನೆಯಲ್ಲಿ 2 ವಾರಕ್ಕೆ ಆಗುವಷ್ಟು. ಇದನ್ನು ಗುರಿ ಇಟ್ಟುಕೊಳ್ಳಿ.

ಮೊದಲು ನೀರು. ನಾಯಿಗೆ ದಿನಕ್ಕೆ ದೇಹದ ತೂಕದ ಪ್ರತಿ ಕಿಲೋಗೆ ಸುಮಾರು 50ರಿಂದ 60 ಮಿಲಿಲೀಟರ್ ನೀರು ಬೇಕು. 10 ಕಿಲೋ ನಾಯಿಗೆ ಅರ್ಧ ಲೀಟರ್‌ಗಿಂತ ಸ್ವಲ್ಪ ಜಾಸ್ತಿ. 4 ಕಿಲೋ ಬೆಕ್ಕಿಗೆ ಸುಮಾರು 200 ಮಿಲಿಲೀಟರ್. ಸೆಕೆ, ನಡಿಗೆ, ಬೇಧಿ ಇದ್ದರೆ ಇದು ದುಪ್ಪಟ್ಟಾಗಬಹುದು. ತಟ್ಟೆ ತೊಳೆಯಲೂ ನೀರು ಬೇಕು. ಅದಕ್ಕೆ 10 ಕಿಲೋ ನಾಯಿಗೆ ದಿನಕ್ಕೆ 1 ಲೀಟರ್ ಎಂದೇ ಲೆಕ್ಕ ಹಾಕಿ. ಎರಡು ವಾರಕ್ಕೆ 14 ಲೀಟರ್ ಆಯಿತು. ಮನೆಯವರ ನೀರಿನ ಲೆಕ್ಕಕ್ಕೆ ಇದು ಹೆಚ್ಚುವರಿ.

ಪ್ರಾಣಿ ಅಲ್ವಾ, ಯಾವ ನೀರಾದರೂ ಕುಡಿಯುತ್ತದೆ ಎಂದುಕೊಳ್ಳಬೇಡಿ. ನೆರೆ ನೀರಿನಲ್ಲಿ ಚರಂಡಿ, ಎಣ್ಣೆ, ಕೀಟನಾಶಕ ಎಲ್ಲ ಬೆರೆತಿರುತ್ತದೆ. ನಿಮಗೆ ಕುಡಿಯಲು ಆಗದ ನೀರನ್ನು ಅದಕ್ಕೂ ಕೊಡಬೇಡಿ. ಬಟ್ಟೆಯಲ್ಲಿ ಸೋಸಿ, ಚೆನ್ನಾಗಿ ಕುದಿಸಿ ಆರಿಸಿದ ನೀರು ಒಳ್ಳೇದು. ಉರುವಲು ಇಲ್ಲದಿದ್ದರೆ 5ರಿಂದ 6 ಶೇಕಡಾ ಕ್ಲೋರಿನ್ ಇರುವ, ಸುವಾಸನೆ ಸೇರಿಸದ ಮನೆಬಳಕೆಯ ಬ್ಲೀಚ್ ದ್ರಾವಣವನ್ನು ತಿಳಿನೀರಿಗೆ ಲೀಟರ್‌ಗೆ 2 ಹನಿ ಹಾಕಿ, ಕಲಕಿ, 30 ನಿಮಿಷ ಬಿಡಿ. ಇದು ರೋಗಾಣುಗಳನ್ನು ಕೊಲ್ಲುತ್ತದೆ. ಎಣ್ಣೆ, ರಾಸಾಯನಿಕ ಬೆರೆತ ನೀರನ್ನು ಕುದಿಸಿದರೂ, ಬ್ಲೀಚ್ ಹಾಕಿದರೂ ಅದು ಕುಡಿಯುವ ನೀರಾಗುವುದಿಲ್ಲ.

ಇನ್ನು ಊಟ. ಪೊಟ್ಟಣದ ಮೇಲೆ ಬರೆದಿರುವ ಅಳತೆ ಬಿಡಿ. ಒಂದು ವಾರ ನಿಮ್ಮ ಪ್ರಾಣಿ ನಿಜಕ್ಕೂ ಎಷ್ಟು ತಿನ್ನುತ್ತದೆ ಎಂದು ತೂಗಿ ನೋಡಿ. ದಿನಕ್ಕೆ 200 ಗ್ರಾಂ ಒಣ ಆಹಾರ ತಿನ್ನುವ ನಾಯಿಗೆ ಎರಡು ವಾರಕ್ಕೆ 2.8 ಕಿಲೋ. ಅದನ್ನು ಬಿಗಿ ಮುಚ್ಚಳದ ಡಬ್ಬದಲ್ಲಿ, ಮೂಲ ಪೊಟ್ಟಣದ ಸಮೇತ ಇಡಿ. ಹೊಸದು ತಂದಾಗ ಹಿಂದೆ ಇಟ್ಟು ಹಳೆಯದನ್ನು ಮೊದಲು ಖಾಲಿ ಮಾಡಿ.

ಮನೆ ಅಡುಗೆಯನ್ನೇ ತಿಂದು ಬೆಳೆದ ಪ್ರಾಣಿಗೆ ಒಲೆ ಇಲ್ಲದ ದಿನ ಏನು ಕೊಡುತ್ತೀರಿ? ಈಗಿನಿಂದಲೇ ವಾರಕ್ಕೆ ಒಂದೆರಡು ಸಲ ಒಣ ಆಹಾರದ ರುಚಿ ಹತ್ತಿಸಿ. ಒಮ್ಮೆಲೇ ಊಟ ಬದಲಾದರೆ ಬೇಧಿ ಹಿಡಿಯುತ್ತದೆ. ಇಕ್ಕಟ್ಟಾದ ಆಶ್ರಯದಲ್ಲಿ ಬೇಧಿಯಾದ ನಾಯಿಯನ್ನು ನೋಡಿಕೊಳ್ಳುವುದು ಎಷ್ಟು ಕಷ್ಟ ಎಂದು ಯೋಚಿಸಿ.

ಬೆಕ್ಕಿನ ವಿಷಯದಲ್ಲಿ ಒಂದು ಎಚ್ಚರ. ಹಸಿದರೆ ತಾನೇ ತಿನ್ನುತ್ತದೆ ಎಂದು ಕಾಯಬೇಡಿ. ಎರಡು ಮೂರು ದಿನ ಏನೂ ತಿನ್ನದ ಬೆಕ್ಕಿಗೆ, ಅದರಲ್ಲೂ ದಪ್ಪ ಬೆಕ್ಕಿಗೆ, ಯಕೃತ್ತಿನಲ್ಲಿ ಕೊಬ್ಬು ತುಂಬಿ ಪ್ರಾಣಕ್ಕೇ ಅಪಾಯವಾಗಬಹುದು. ಹೊಸ ಜಾಗದಲ್ಲಿ ಬೆಕ್ಕು ತಟ್ಟೆ ಮುಟ್ಟುತ್ತಿಲ್ಲ ಅಂದರೆ ಮೊದಲ ದಿನದಿಂದಲೇ ಗಮನಿಸಿ. ಕಮ್ಮನೆ ವಾಸನೆ ಬರುವ ಒದ್ದೆ ಆಹಾರ ಸ್ವಲ್ಪ ಬೆಚ್ಚಗೆ ಮಾಡಿ ಕೊಡಿ. ಕ್ಯಾರಿಯರ್ ಮೇಲೆ ಬಟ್ಟೆ ಹೊದಿಸಿ ಮರೆ ಮಾಡಿ. ಕತ್ತಲಿದ್ದರೆ ಎಷ್ಟೋ ಬೆಕ್ಕುಗಳು ತಿನ್ನುತ್ತವೆ.

ಹೆಜ್ಜೆ 6: ಚೀಲ

ಪ್ರತಿ ಪ್ರಾಣಿಗೆ ಒಂದು ಚೀಲ ಬೇಕಿಲ್ಲ. ಹೆಗಲಿಗೆ ಹಾಕುವ ಒಂದೇ ಚೀಲ ಸಾಕು. ಕೈ ಖಾಲಿ ಇರಬೇಕು, ಏಕೆಂದರೆ ಕೈಯಲ್ಲಿ ಪ್ರಾಣಿ ಇರುತ್ತದೆ. ಆಗಲೇ ಹೇಳಿದ ಊಟ, ನೀರು, ಕಾಗದದ ಜೊತೆ ಇವು ಇರಲಿ:

- ಒಂದು ಹೆಚ್ಚುವರಿ ಲೀಶ್, ಕಾಲರ್, ಬೆಕ್ಕಿಗೂ ಒಂದು ಹಾರ್ನೆಸ್ (ಎದೆ ಸುತ್ತ ಹಾಕುವ ಪಟ್ಟಿ)
- ಮಡಚುವ ತಟ್ಟೆಗಳು, ಕೈಯಿಂದ ತೆರೆಯುವ ಮುಚ್ಚಳದ ಡಬ್ಬಿ ಆಹಾರ
- ದಿನಾ ಕೊಡುವ ಔಷಧಿ, ಸಾಧ್ಯವಾದರೆ 2 ವಾರಕ್ಕೆ
- ಬೆಕ್ಕಿನ ಮರಳು ಸ್ವಲ್ಪ, ಅಗಲವಾದ ಪ್ಲಾಸ್ಟಿಕ್ ತಟ್ಟೆ, ಮಲ ಎತ್ತಲು ಚೀಲಗಳು
- ಬ್ಯಾಂಡೇಜ್ ಸುರುಳಿ, ಹತ್ತಿ ಬಟ್ಟೆ, ತುದಿ ಮೊಂಡಾದ ಕತ್ತರಿ, ಚಿಮ್ಮಟ, ಸಲೈನ್, ಥರ್ಮಾಮೀಟರ್
- ದೊಡ್ಡ ಟವೆಲ್ ಮತ್ತು ದಿಂಬಿನ ಗವಸು

ಕೊನೆಯ ಎರಡು ನೋಡಲು ಸಾಮಾನ್ಯ, ಆದರೆ ಬಹಳ ಉಪಯೋಗಕ್ಕೆ ಬರುತ್ತವೆ. ಪರಚುವ ಬೆಕ್ಕನ್ನು ಟವೆಲ್‌ನಲ್ಲಿ ಸುತ್ತಿ ಎತ್ತಬಹುದು. ಕ್ಯಾರಿಯರ್ ಕೈಗೆ ಸಿಗದಿದ್ದರೆ ಗವಸಿನೊಳಗೆ ಇಳಿಸಿ ಬಾಯಿ ಹಿಡಿದು ಕೆಳಗಿಳಿಯಬಹುದು. ಸ್ವಲ್ಪ ಹೊತ್ತಿಗೆ ಅದರೊಳಗೆ ಉಸಿರಾಟಕ್ಕೆ ತೊಂದರೆ ಇಲ್ಲ.

ಚೀಲ ಇಡುವ ಜಾಗ ಬಾಗಿಲ ಹತ್ತಿರ. ಆರು ತಿಂಗಳಿಗೊಮ್ಮೆ ಬಿಚ್ಚಿ ಆಹಾರ, ಔಷಧಿಯ ದಿನಾಂಕ ನೋಡಿ.

ಹೆಜ್ಜೆ 7: ಎಲ್ಲಿಗೆ ಹೋಗುವುದು

ಹೊರಟ ಮೇಲೆ ಹುಡುಕೋಣ ಅಂದರೆ ಆಗುವುದಿಲ್ಲ. ಮೂರು ಜಾಗ ಗೊತ್ತು ಮಾಡಿಕೊಳ್ಳಿ: ಹತ್ತಿರದಲ್ಲಿ ಒಂದು, ಬೇರೆ ಊರಿನಲ್ಲಿ ಒಂದು, ಪ್ರಾಣಿಯನ್ನು ಮಾತ್ರ ಬಿಡಬಹುದಾದ ಬೋರ್ಡಿಂಗ್ ಅಥವಾ ಆಸ್ಪತ್ರೆ ಒಂದು. ನೆಂಟರ ಮನೆಯಾದರೆ, "ನಾಯಿಯನ್ನೂ ಕರ್ಕೊಂಡು ಬರ್ತೀವಿ, ಪರವಾಗಿಲ್ವಾ?" ಎಂದು ಈಗಲೇ ಬಾಯಿಬಿಟ್ಟು ಕೇಳಿ. ಸಂಕೋಚ ಪಟ್ಟುಕೊಂಡರೆ ಆ ರಾತ್ರಿ ಅವರಿಗೂ ಕಷ್ಟ, ನಿಮಗೂ ಕಷ್ಟ.

ಪಕ್ಕದ ಮನೆಯವರ ಜೊತೆ ಒಂದು ಒಪ್ಪಂದ ಮಾಡಿಕೊಳ್ಳಿ. ಆಪತ್ತು ಬರುವಾಗ ನೀವು ಕೆಲಸದಲ್ಲಿರಬಹುದು, ಪ್ರಾಣಿ ಒಂಟಿಯಾಗಿರಬಹುದು. ಅವರ ಹತ್ತಿರ ನಿಮ್ಮ ಮನೆ ಬೀಗದ ಕೈ ಇರಲಿ, ಚೀಲ ಎಲ್ಲಿದೆ ಎಂದು ಗೊತ್ತಿರಲಿ. ಎಲ್ಲಕ್ಕಿಂತ ಮುಖ್ಯ, ನಿಮ್ಮ ನಾಯಿಗೆ ಅವರ ಪರಿಚಯ ಇರಲಿ. ತಿಂಗಳಿಗೆರಡು ಸಲ ಅವರೇ ಬಂದು ಲೀಶ್ ಹಾಕಿ ನಡೆಸಲಿ. ಅವರ ಮನೆಯಲ್ಲಿ ಪ್ರಾಣಿ ಇದ್ದರೆ ನೀವೂ ಹಾಗೇ ಮಾಡಿ.

ಹೆಜ್ಜೆ 8: ಆ ದಿನ

ಎಚ್ಚರಿಕೆಯ ಸುದ್ದಿ ಬಂದ ಕೂಡಲೇ ಮೊದಲ ಕೆಲಸ, ಪ್ರಾಣಿಗಳನ್ನು ಒಂದು ಕೋಣೆಗೆ ಸೇರಿಸಿ ಬಾಗಿಲು ಹಾಕುವುದು. ಮಂಚ ಇಲ್ಲದ, ಅಡಗಲು ಸಂದಿ ಇಲ್ಲದ ಕೋಣೆ ಒಳ್ಳೇದು. ಬಚ್ಚಲುಮನೆ ಎಷ್ಟೋ ಸಲ ಅತ್ಯುತ್ತಮ. ಆಮೇಲೆ ಬೇರೆ ಸಾಮಾನು ಕಟ್ಟಿಕೊಳ್ಳಿ. ಜನ ಇದನ್ನು ತಿರುವುಮುರುವು ಮಾಡುತ್ತಾರೆ. ಸಾಮಾನು ಕಟ್ಟುವ ಗಡಿಬಿಡಿ ನೋಡಿಯೇ ಬೆಕ್ಕು ಮಾಯವಾಗುತ್ತದೆ.

ಆದೇಶ ಬರಲಿ ಎಂದು ಕಾಯದೆ ಬೇಗ ಹೊರಡಿ. ಪ್ರಾಣಿ ಇರುವವರಿಗೆ ಬೇರೆಯವರಿಗಿಂತ ಜಾಸ್ತಿ ಸಮಯ ಬೇಕು. ಕೊನೆ ಘಳಿಗೆಯಲ್ಲಿ ಬರುವ ದೋಣಿಯಲ್ಲಿ, ಲಾರಿಯಲ್ಲಿ ಪ್ರಾಣಿಗೆ ಜಾಗ ಸಿಗುತ್ತದೆ ಎಂಬ ಭರವಸೆ ಇಲ್ಲ.

ಬಾಗಿಲು ತೆರೆಯುವ ಮೊದಲು ಲೀಶ್ ಹಾಕಿ, ಕ್ಯಾರಿಯರ್ ಚಿಲಕ ಎರಡು ಸಲ ನೋಡಿ. ಕಾರಿನಲ್ಲಿ ಪ್ರಾಣಿಯನ್ನು ಒಂಟಿಯಾಗಿ ಬಿಡಬೇಡಿ. ಬಿಸಿಲಲ್ಲಿ ನಿಂತ ಕಾರು ಹತ್ತೇ ನಿಮಿಷದಲ್ಲಿ ಸಹಿಸಲಾಗದಷ್ಟು ಕಾಯುತ್ತದೆ, ಕಿಟಕಿ ಎರಡು ಬೆರಳಿನಷ್ಟು ಇಳಿಸಿದರೂ ಅಷ್ಟೇ.

ಎಷ್ಟೇ ಪ್ರಯತ್ನಿಸಿದರೂ ಕರೆದೊಯ್ಯಲು ಆಗದ ಸಂದರ್ಭ ಬರಬಹುದು. ಆಗ ಕೂಡ ಕಟ್ಟಿಹಾಕಿ ಹೋಗಬೇಡಿ. ನೀರು ಏರಿದರೆ ಕಟ್ಟಿದ ಪ್ರಾಣಿ ಈಜಲೂ ಆಗದೆ ಸಾಯುತ್ತದೆ. ಕೊಟ್ಟಿಗೆಯ ದನಕರುಗಳಿಗೂ ಇದೇ ಮಾತು, ಹಗ್ಗ ಬಿಚ್ಚಿಬಿಡಿ. ನಾಯಿ, ಬೆಕ್ಕನ್ನು ಮನೆಯೊಳಗೇ, ಎತ್ತರದ ಮಹಡಿಗೆ ಹೋಗಲು ದಾರಿ ಇರುವಂತೆ ಒಳಬಾಗಿಲುಗಳನ್ನು ತೆರೆದು ಬಿಡಿ. ಮಗುಚದ ದೊಡ್ಡ ಪಾತ್ರೆಗಳಲ್ಲಿ ನಾಲ್ಕೈದು ಕಡೆ ನೀರು, ಹಲವು ಕಡೆ ಒಣ ಆಹಾರ ಇಡಿ. ಮುಂಬಾಗಿಲ ಮೇಲೆ ದಪ್ಪ ಅಕ್ಷರದಲ್ಲಿ ಎಷ್ಟು ಪ್ರಾಣಿ, ಯಾವುವು, ಸಾಮಾನ್ಯವಾಗಿ ಎಲ್ಲಿ ಅಡಗುತ್ತವೆ, ನಿಮ್ಮ ಫೋನ್ ನಂಬರ್ ಬರೆದು ಅಂಟಿಸಿ. ಸುರಕ್ಷಿತ ಜಾಗ ಮುಟ್ಟಿದ ಕೂಡಲೇ ರಕ್ಷಣಾ ತಂಡದವರಿಗೆ ವಿಳಾಸ ಕೊಡಿ. ಕರೆದೊಯ್ದಿದ್ದರೆ, "ಒಳಗೆ ಪ್ರಾಣಿಗಳಿಲ್ಲ" ಎಂದು ಬರೆದು ಹೋಗಿ. ಇಲ್ಲದ ಪ್ರಾಣಿಗಾಗಿ ಯಾರೂ ಜೀವ ಪಣಕ್ಕಿಡಬಾರದು.

ಹಕ್ಕಿ, ಮೊಲ, ಮೀನು

ಹಕ್ಕಿಗಳ ಶ್ವಾಸಕೋಶ ಬಹಳ ಸೂಕ್ಷ್ಮ. ಗಣಿಗಳಲ್ಲಿ ವಿಷಾನಿಲ ಪತ್ತೆಗೆ ಕ್ಯಾನರಿ ಹಕ್ಕಿಯನ್ನು ಒಯ್ಯುತ್ತಿದ್ದದ್ದು ಇದಕ್ಕೇ. ಹೊಗೆ ಬಂದರೆ ಮನೆಯಲ್ಲಿ ಎಲ್ಲರಿಗಿಂತ ಮೊದಲು ಹೊರಗೆ ಹೋಗಬೇಕಾದ್ದು ಗಿಳಿಯ ಪಂಜರ. ಕರೆಂಟ್ ಹೋದಾಗ ಹೊಗೆಯಾಡುವ ದೀಪ, ಒಲೆ ಅದರ ಕೋಣೆಯಲ್ಲಿ ಬೇಡ. ನಾನ್‌ಸ್ಟಿಕ್ ಪಾತ್ರೆ ಒಲೆಯ ಮೇಲೆ ಖಾಲಿಯಾಗಿ ಕಾದರೆ ಬರುವ ಆವಿ ಕೆಲವೇ ನಿಮಿಷದಲ್ಲಿ ಹಕ್ಕಿಯನ್ನು ಕೊಲ್ಲಬಲ್ಲದು. ಪ್ರಯಾಣಕ್ಕೆ ಸಣ್ಣ ಪಂಜರ ಇಟ್ಟುಕೊಂಡು, ಮೇಲೆ ತೆಳು ಬಟ್ಟೆ ಹೊದಿಸಿ.

ಮೊಲ 12 ಗಂಟೆ ಏನೂ ತಿನ್ನದಿದ್ದರೆ, ಹಿಕ್ಕೆ ಹಾಕದಿದ್ದರೆ ಅದು ತುರ್ತು ಸ್ಥಿತಿ, ಅದರ ಕರುಳು ನಿಂತುಹೋಗುತ್ತಿರುತ್ತದೆ. ಒಣಹುಲ್ಲನ್ನು ಧಾರಾಳವಾಗಿ ಒಯ್ಯಿರಿ. ಗಿನಿಪಿಗ್‌ಗೆ ವಿಟಮಿನ್ ಸಿ ದೇಹದಲ್ಲಿ ತಯಾರಾಗುವುದಿಲ್ಲ, ಹೊರಗಿಂದ ಕೊಡಬೇಕು. ಎರಡಕ್ಕೂ ಸೆಕೆ ತಡೆಯುವುದಿಲ್ಲ.

ಅಕ್ವೇರಿಯಂ ಮೀನುಗಳಿಗೆ ಕರೆಂಟ್ ಹೋದರೆ ಹಸಿವಿಗಿಂತ ಆಮ್ಲಜನಕದ ಚಿಂತೆ. ಬ್ಯಾಟರಿಯಿಂದ ನಡೆಯುವ ಏರ್ ಪಂಪ್ ಇಟ್ಟುಕೊಳ್ಳಿ. ಅದಿಲ್ಲದಿದ್ದರೆ ಮಗ್‌ನಲ್ಲಿ ತೊಟ್ಟಿಯ ನೀರನ್ನೇ ಎತ್ತಿ ಮೇಲಿಂದ ಸುರಿಯಿರಿ, ಅರ್ಧ ಗಂಟೆಗೊಮ್ಮೆ. ಊಟ ನಿಲ್ಲಿಸಿ. ಆರೋಗ್ಯವಾದ ದೊಡ್ಡ ಮೀನು ಕೆಲವು ದಿನ ಊಟ ಇಲ್ಲದೆ ಇರುತ್ತದೆ. ಉಳಿದ ಆಹಾರ ಕೊಳೆತರೆ ನೀರು ಕೆಡುತ್ತದೆ.

ಪೆಟ್ಟು, ಸೆಕೆ, ವಿಷ

ಇದು ವೈದ್ಯರ ಬದಲಿಗಲ್ಲ, ವೈದ್ಯರು ಸಿಗುವವರೆಗೆ.

ನಿಮ್ಮ ಪ್ರಾಣಿ ಆರೋಗ್ಯವಾಗಿರುವಾಗಲೇ ಒಸಡು ನೋಡಿಟ್ಟುಕೊಳ್ಳಿ. ಸಾಮಾನ್ಯವಾಗಿ ನಸುಗೆಂಪು. ಬೆರಳಿಂದ ಒತ್ತಿ ಬಿಟ್ಟರೆ ಬಿಳಿಯಾಗಿ, 2 ಸೆಕೆಂಡ್ ಒಳಗೆ ಬಣ್ಣ ಮರಳಬೇಕು. ಬಿಳಚಿಕೊಂಡಿದ್ದರೆ, ನೀಲಿಗಟ್ಟಿದ್ದರೆ, ಬಣ್ಣ ಬರಲು ತಡವಾದರೆ ಕೂಡಲೇ ಆಸ್ಪತ್ರೆಗೆ. ರಕ್ತ ಸುರಿಯುತ್ತಿದ್ದರೆ ಶುದ್ಧ ಬಟ್ಟೆ ಇಟ್ಟು ಐದು ನಿಮಿಷ ಬಿಡದೆ ಒತ್ತಿ. ನಡುವೆ ಎತ್ತಿ ನೋಡಬೇಡಿ. ಬಟ್ಟೆ ನೆನೆದರೆ ಅದರ ಮೇಲೆ ಇನ್ನೊಂದು ಇಡಿ.

ನಾಯಿಯ ಮೈಬಿಸಿ ಸಾಮಾನ್ಯವಾಗಿ 38ರಿಂದ 39 ಡಿಗ್ರಿ ಸೆಲ್ಸಿಯಸ್ ಆಸುಪಾಸು. ಜೋರಾಗಿ ಏದುಸಿರು, ಜೊಲ್ಲು, ತೂರಾಟ ಕಂಡು, ಥರ್ಮಾಮೀಟರ್ 40.5 ದಾಟಿದ್ದರೆ ಅದು ಸೆಕೆಯ ಆಘಾತ. ಮೊದಲು ತಂಪು ಮಾಡಿ, ಆಮೇಲೆ ಸಾಗಿಸಿ. ಮೈಯೆಲ್ಲ ನೆನೆಯುವಂತೆ ನೀರು ಹಾಕಿ, ಗಾಳಿ ಬೀಸಿ. ಒದ್ದೆ ಟವೆಲ್ ಹೊದಿಸಿ ಹಾಗೇ ಬಿಟ್ಟರೆ ಶಾಖ ಒಳಗೇ ಉಳಿಯುತ್ತದೆ. ಪಗ್‌ನಂಥ ಚಪ್ಪಟೆ ಮೂತಿಯ ನಾಯಿಗಳಿಗೆ ಈ ಅಪಾಯ ಬಹಳ ಬೇಗ ಬರುತ್ತದೆ.

ಮನುಷ್ಯರ ಮಾತ್ರೆ ಕೊಡಲೇಬೇಡಿ. ಒಂದು ಪ್ಯಾರಾಸಿಟಮಾಲ್ ಮಾತ್ರೆ ಬೆಕ್ಕಿನ ಪ್ರಾಣ ತೆಗೆಯಬಹುದು. ಐಬುಪ್ರೊಫೆನ್ ನಾಯಿಗೂ ವಿಷ. ನಾಯಿಯ ಉಣ್ಣಿ, ಚಿಗಟಕ್ಕೆ ಹಾಕುವ ಪರ್ಮೆತ್ರಿನ್ ಔಷಧಿ ಬೆಕ್ಕಿಗೆ ಮಾರಕ. ಪರಿಹಾರದ ಪೊಟ್ಟಣಗಳಲ್ಲಿ ಬರುವ ತಿಂಡಿಗಳನ್ನೂ ನೋಡಿ ಕೊಡಿ. ಚಾಕೊಲೇಟ್, ಒಣದ್ರಾಕ್ಷಿ, ಈರುಳ್ಳಿ ಬೆರೆತ ಆಹಾರ, ಸಕ್ಕರೆ ಇಲ್ಲದ ಚೂಯಿಂಗ್ ಗಮ್‌ನಲ್ಲಿರುವ ಕ್ಸೈಲಿಟಾಲ್, ಇವೆಲ್ಲ ನಾಯಿಗೆ ಅಪಾಯ. ಮಕ್ಕಳು ಪ್ರೀತಿಯಿಂದ ಕೊಟ್ಟುಬಿಡುತ್ತಾರೆ, ಅವರಿಗೆ ಮೊದಲೇ ಹೇಳಿಡಿ.

ಹೆದರಿದ ಪ್ರಾಣಿ ಯಾರನ್ನಾದರೂ ಕಚ್ಚಿದರೆ, ಗಾಯವನ್ನು ಸೋಪು ಮತ್ತು ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು ಅಂದೇ ಆಸ್ಪತ್ರೆಗೆ ಹೋಗಬೇಕು. ನಿಮ್ಮದೇ ನಾಯಿಯಾದರೂ ಅಷ್ಟೇ. ಲಸಿಕೆ ಪುಸ್ತಕ ಜೊತೆಗೆ ಒಯ್ಯಿರಿ.

ಕಳೆದುಹೋದರೆ, ಮರಳಿ ಬಂದರೆ

ಕಳೆದುಹೋದ ಬೆಕ್ಕು ದೂರ ಹೋಗಿರುವುದು ಕಡಿಮೆ. ಎರಡು ಮೂರು ಮನೆಗಳ ಆಸುಪಾಸಿನಲ್ಲೇ, ಯಾವುದೋ ಸಂದಿಯಲ್ಲಿ ಉಸಿರೆತ್ತದೆ ಕೂತಿರುತ್ತದೆ. ರಾತ್ರಿ ಎಲ್ಲ ಸದ್ದು ಅಡಗಿದ ಮೇಲೆ ಟಾರ್ಚ್ ಹಿಡಿದು ನೆಲದ ಮಟ್ಟದಲ್ಲಿ ಹುಡುಕಿ. ಕಣ್ಣು ಹೊಳೆಯುತ್ತದೆ. ಬೆದರಿ ಓಡುವ ನಾಯಿಯನ್ನು ಅಟ್ಟಿಸಿಕೊಂಡು ಹೋಗಬೇಡಿ. ಪಕ್ಕಕ್ಕೆ ತಿರುಗಿ ನೆಲದ ಮೇಲೆ ಕೂತು, ತಿಂಡಿ ಹಾಕಿ, ಮೆಲ್ಲಗೆ ಮಾತಾಡಿ. ಆಶ್ರಯ ಕೇಂದ್ರಗಳಿಗೆ ಫೋನ್ ಮಾಡಿದರೆ ಸಾಲದು, ನೀವೇ ಹೋಗಿ ನೋಡಿ. ಕೆಸರು ಮೆತ್ತಿ ಸೊರಗಿದ ಪ್ರಾಣಿಯನ್ನು ಬಾಯಿಮಾತಿನ ವಿವರದಿಂದ ಯಾರೂ ಗುರುತು ಹಿಡಿಯಲಾರರು. ಬೇಗ ಆಸೆ ಬಿಡಬೇಡಿ. ವಾರಗಳು, ತಿಂಗಳುಗಳ ನಂತರವೂ ಸಿಕ್ಕಿದ ಪ್ರಾಣಿಗಳಿವೆ.

ಮನೆಗೆ ಮರಳಿದ ದಿನ ಪ್ರಾಣಿಯನ್ನು ಮೊದಲು ಒಳಗೆ ಬಿಡಬೇಡಿ. ನೀವು ಹೋಗಿ ನೋಡಿ. ಒಡೆದ ಗಾಜು, ಕಿತ್ತ ತಂತಿ, ಹಾವು, ಚೆಲ್ಲಿದ ರಾಸಾಯನಿಕ, ಕೊಳೆತ ಆಹಾರ ಏನಾದರೂ ಇರಬಹುದು. ಬೇಲಿ ಬಿದ್ದಿರಬಹುದು. ಪರಿಚಿತ ವಾಸನೆಗಳು ಹೋಗಿ ಅವುಗಳಿಗೆ ತಮ್ಮದೇ ಮನೆ ಹೊಸದಾಗಿ ಕಾಣುತ್ತದೆ, ಆದ್ದರಿಂದ ಕೆಲವು ವಾರ ನಾಯಿಗೆ ಲೀಶ್ ಇರಲಿ, ಬೆಕ್ಕು ಒಳಗೇ ಇರಲಿ. ಎಲ್ಲೆಂದರಲ್ಲಿ ಉಚ್ಚೆ ಹೊಯ್ಯುವುದು, ಅಂಟಿಕೊಂಡೇ ಇರುವುದು, ರಾತ್ರಿ ಅಳುವುದು ಇದ್ದರೆ ಗದರಬೇಡಿ. ಹಳೇ ಹೊತ್ತಿಗೆ ಊಟ, ಹಳೇ ಹೊತ್ತಿಗೆ ನಡಿಗೆ ಶುರು ಮಾಡಿ.

ಒಂದೆರಡು ದಿನ ಕಳೆದ ಮೇಲೆ ಚೀಲಕ್ಕೆ ಮತ್ತೆ ಊಟ, ಔಷಧಿ ತುಂಬಿ. ಕ್ಯಾರಿಯರನ್ನು ತೊಳೆದು ಬಿಸಿಲಿಗೆ ಒಣಗಿಸಿ. ಅದರ ಹಳೇ ಬಟ್ಟೆ ಹಾಸಿ, ಬಾಗಿಲು ತೆರೆದು, ಮೊದಲಿದ್ದ ಮೂಲೆಯಲ್ಲೇ ಇಡಿ.